ಎರಡು ನಿಮಿಷ ತಡೆ ಎಂದವನು ನಾನೇ

ಪ್ರೀತಿಯ ಗೆಳೆಯನಿಗೆ,

ನೀನು ದೂರ ಹೋದ ಮೇಲೆ ಇದೇ ಮೊದಲ ಸಲ, ಹೋದ ಭಾನುವಾರ ರಾತ್ರಿ, ಸರ್ಫ್ ಅಂಡ್ ಟರ್ಫ್ ಅನ್ನು ಒಬ್ಬನೇ ಮಾಡಿದೆ. ಕಡಲಿನದನ್ನೂ ನೆಲದ್ದನ್ನೂ ಒಂದೇ ತಟ್ಟೆಗೆ ತರುವ, 1960ರ ದಶಕದಲ್ಲಿ ಅಮೆರಿಕದ ಸ್ಟೇಕ್ ಹೋಟೆಲುಗಳಲ್ಲಿ ಹೆಸರಾದ ಈ ಊಟವನ್ನು ನಾವು ಎಷ್ಟು ಸಲ ಮಾಡಿದ್ದೇವೆ ಎಂಬ ಲೆಕ್ಕ ನಿನ್ನ ಬಳಿಯೇ ಇರಬೇಕು. ಪ್ರತಿ ಸಲವೂ ಸ್ಟೇಕ್, ಅಂದರೆ ದಪ್ಪ ಮಾಂಸದ ತುಂಡು, ಬೇಯಿಸುವುದು ನನ್ನ ಪಾಲಿಗೆ, ಲಾಬ್‌ಸ್ಟರ್ ಎಂಬ ಕಡಲ ಚಿಪ್ಪುಜೀವಿ ನಿನ್ನ ಪಾಲಿಗೆ. ಈ ಪತ್ರವನ್ನು ಎಲ್ಲರ ಕಣ್ಣಿಗೆ ಬೀಳುವ ಕಡೆ ಹಾಕುತ್ತಿರುವುದಕ್ಕೆ ಕಾರಣವಿದೆ: ಹಿಂದೊಮ್ಮೆ ನಿನ್ನ ಲಾಬ್‌ಸ್ಟರ್ ಕೆಟ್ಟ ಆ ರಾತ್ರಿ ನಮ್ಮ ಮೇಜಿನ ಸುತ್ತ ಕುಳಿತಿದ್ದವರಲ್ಲಿ ಹಲವರು ಇದನ್ನು ಓದುತ್ತಾರೆ.

ಮೊದಲು ಮಾಂಸದ ವಿಷಯ. ಎರಡು ಬೆರಳು ದಪ್ಪದ ತುಂಡಿಗೆ ಹಿಂದಿನ ರಾತ್ರಿಯೇ ಉಪ್ಪು ಸವರಿ, ಮುಚ್ಚದೆ ಫ್ರಿಜ್ಜಿನಲ್ಲಿಟ್ಟಿದ್ದೆ. ಉಪ್ಪು ಹೊರಗೆಳೆದ ನೀರನ್ನು ಮಾಂಸ ನಿಧಾನವಾಗಿ ಮತ್ತೆ ಒಳಗೆ ಹೀರಿಕೊಳ್ಳುತ್ತದೆ, ಮೇಲ್ಮೈ ಒಣಗುತ್ತದೆ. ಒದ್ದೆ ಮಾಂಸವನ್ನು ಬಾಣಲೆಗೆ ಹಾಕಿದರೆ ಕಾವೆಲ್ಲ ಆ ನೀರನ್ನು ಆವಿಯಾಗಿಸುವುದರಲ್ಲೇ ಕಳೆದುಹೋಗಿ, ಮೇಲ್ಮೈ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ ಫ್ರೆಂಚ್ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ, ಕಂದು ಬಣ್ಣವನ್ನೂ ಆ ಘಮವನ್ನೂ ಕೊಡುವ ಕ್ರಿಯೆ ಚುರುಕಾಗಲು ಸುಮಾರು 140 ಡಿಗ್ರಿಯಾದರೂ ಬೇಕು. ಹೀಗೆ ಕಂದಾಗಿಸುವುದರಿಂದ ರಸ ಒಳಗೇ ಬಂಧಿಯಾಗುತ್ತದೆ ಎಂದು ನಾನು ಹಟ ಹಿಡಿದು ವಾದಿಸುತ್ತಿದ್ದೆನಲ್ಲ, ಅದು 19ನೆಯ ಶತಮಾನದ ರಸಾಯನ ವಿಜ್ಞಾನಿ ಲೀಬಿಗ್‌ನ ಕಾಲದಿಂದ ನಡೆದುಬಂದ ತಪ್ಪು ನಂಬಿಕೆ. ರಸ ಸೋರುತ್ತಲೇ ಇರುತ್ತದೆ, ಕಂದಾಗುವುದು ರುಚಿಗಾಗಿ ಮಾತ್ರ. ಆ ವಾದದಲ್ಲಿ ನೀನು ಹೇಳಿದ್ದೇ ಸರಿ.

120 ಡಿಗ್ರಿಯ ಓವನ್ನಿನಲ್ಲಿ ತುಂಡಿನ ಒಳಗಾವು 50 ಡಿಗ್ರಿ ಮುಟ್ಟುವ ತನಕ ಇಟ್ಟು, ಆಮೇಲೆ ಹೊಗೆಯಾಡುವಷ್ಟು ಕಾದ ಕಬ್ಬಿಣದ ಬಾಣಲೆಯಲ್ಲಿ ಎರಡೂ ಮಗ್ಗುಲನ್ನು ಒಂದೊಂದು ನಿಮಿಷ ಸುಟ್ಟು ತೆಗೆದಿಟ್ಟೆ. ಅದರ ಕೆಲಸ ಅಲ್ಲಿಗೆ ಮುಗಿಯಿತು.

ಆಮೇಲೆ ನಿನ್ನ ಜಾಗಕ್ಕೆ ಬಂದು ನಿಂತೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿ ಹಿಮ ಬಿಟ್ಟ ಲಾಬ್‌ಸ್ಟರ್ ಬಾಲದ ಬೆನ್ನ ಚಿಪ್ಪನ್ನು ಕತ್ತರಿಯಿಂದ ಸೀಳಿ, ತಿರುಳನ್ನು ಮೆಲ್ಲಗೆ ಬಿಡಿಸಿ ಚಿಪ್ಪಿನ ಮೇಲೆ ಕೂರಿಸುವಷ್ಟರಲ್ಲಿ ನನ್ನ ಬೆರಳುಗಳು ಎರಡು ಕಡೆ ಗೀರಿಕೊಂಡಿದ್ದವು. ನೀನು ಇದನ್ನು ಮಾತನಾಡುತ್ತಲೇ ಮಾಡುತ್ತಿದ್ದೆ. ಬೆಣ್ಣೆ, ಬೆಳ್ಳುಳ್ಳಿ ಸವರಿ ಓವನ್ನಿನ ಮೇಲುರಿಯ ಕೆಳಗಿಟ್ಟೆ. ಚಿಪ್ಪು ಬೇಗನೆ ಕೆಂಪಾಯಿತು. ಆ ಕೆಂಪು ಮೊದಲಿನಿಂದಲೂ ಅದರೊಳಗೆ ಇರುವಂಥದು. ಒಂದು ಪ್ರೋಟೀನು ಅದನ್ನು ಹಿಡಿದಿಟ್ಟು ಮರೆಮಾಡಿರುತ್ತದೆ, ಕಾವು ತಗುಲಿದಾಗ ಹಿಡಿತ ಸಡಿಲುತ್ತದೆ, ಅಷ್ಟೆ. ತಿರುಳು ಬೆಂದಿದೆಯೇ ಎಂಬುದನ್ನು ಚಿಪ್ಪು ಹೇಳುವುದಿಲ್ಲ. ಗಾಜಿನಂತಿದ್ದ ತಿರುಳು ಹಾಲಿನ ಬಿಳುಪಿಗೆ ತಿರುಗುವ ಗಳಿಗೆಯನ್ನು ಕಾಯಬೇಕು, ಥರ್ಮಾಮೀಟರು 60 ತೋರಿಸಿದೊಡನೆ ಹೊರಗೆ ತೆಗೆಯಬೇಕು. ಉಳಿದ ಎರಡು ಮೂರು ಡಿಗ್ರಿಯನ್ನು ಅದು ತಟ್ಟೆಯ ಮೇಲೆ ತಾನೇ ಏರುತ್ತದೆ.

ಓವನ್ನಿನ ಗಾಜಿನ ಮುಂದೆ ಮಂಡಿಯೂರಿ ಕುಳಿತಿದ್ದಾಗ ಸಂಖ್ಯೆ 52ರಿಂದ 60ಕ್ಕೆ ಎಷ್ಟು ಬೇಗ ಹಾರಿತೆಂದರೆ, ಆ ರಾತ್ರಿ ನಿನ್ನಿಂದ ಏನನ್ನು ಕೇಳಿದ್ದೆನೆಂಬುದು ನನಗೆ ಆಗ ಅರ್ಥವಾಯಿತು. "ಆಯಿತು, ತೆಗೆಯುತ್ತೇನೆ" ಎಂದು ನೀನು ಹೇಳಿದ್ದೆ. "ಎರಡು ನಿಮಿಷ ತಡೆ, ನನ್ನದಿನ್ನೂ ಕಂದಾಗಿಲ್ಲ" ಎಂದವನು ನಾನು. ನನ್ನ ಮಾಂಸ ಹತ್ತು ನಿಮಿಷ ಮೊದಲೇ ಆಗಿದ್ದರೂ ಅದಕ್ಕೆ ಕೇಡಿರಲಿಲ್ಲ, ಸುಧಾರಿಸಿಕೊಳ್ಳುತ್ತ ಇರುತ್ತಿತ್ತು. ನಿನ್ನ ಬಾಲಕ್ಕೆ ಆ ಎರಡು ನಿಮಿಷ ಇರಲಿಲ್ಲ. ಎಂಟು ಜನರ ಎದುರು ಅದು ರಬ್ಬರಿನಂತೆ ಬಿಗಿದು ಬಂದಾಗ, ಯಾರೋ ಕೇಳಿದ್ದಕ್ಕೆ ನಾನು "ಲಾಬ್‌ಸ್ಟರ್ ಅವನ ಕೈಯದು" ಎಂದೆ. ನೀನು ಒಂದು ಮಾತೂ ಆಡಲಿಲ್ಲ. ಮುಂದಿನ ಸಲದಿಂದ ಲಾಬ್‌ಸ್ಟರ್ ಬೇಡ, ಸಿಗಡಿಯೇ ಸಾಕು ಎನ್ನತೊಡಗಿದೆ. ನಾನು ಅದನ್ನು ಖರ್ಚಿನ ಮಾತೆಂದುಕೊಂಡೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಬಂದವರೆಲ್ಲ ಮೊದಲ ತುತ್ತಿಗೆ ನಿನ್ನದನ್ನೇ ಎತ್ತಿಕೊಳ್ಳುತ್ತಿದ್ದರು, ಅದನ್ನೇ ಹೊಗಳುತ್ತಿದ್ದರು. ಅಂದು ನಾನು ತಡೆ ಎಂದದ್ದರಲ್ಲಿ ಅದರ ಪಾಲೂ ಇತ್ತೇನೋ ಎಂಬ ಸಂಶಯ ಭಾನುವಾರದಿಂದ ನನ್ನನ್ನು ಬಿಟ್ಟಿಲ್ಲ. ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಬೆಂದದ್ದು ಚೆನ್ನಾಗಿತ್ತು ಎಂದು ನಿನಗೆ ತಿಳಿಸಬೇಕೆಂದಷ್ಟೇ ಇತ್ತು.

ನಿಜಕ್ಕೂ ಚೆನ್ನಾಗಿತ್ತು. ನಿಂಬೆ ಹಿಂಡುವಾಗ ನಿನ್ನ ಹನ್ನೊಂದನೆಯ ನಿಂಬೆಹಣ್ಣು ನೆನಪಾಗಿ ಒಬ್ಬನೇ ನಕ್ಕೆ. ನೀಲಿ ಇಕ್ಕಳ ಇನ್ನೂ ಅದೇ ಮೊಳೆಯಲ್ಲಿದೆ, ಯಾರಿಗೂ ಮುಟ್ಟಲು ಬಿಟ್ಟಿಲ್ಲ. ನೀನು ಬಂದಾಗ ಬಾಣಲೆಯ ಮುಂದೆ ನೀನು ನಿಲ್ಲು, ಓವನ್ನಿನ ಮುಂದೆ ನಾನು ಕೂರುತ್ತೇನೆ. ಬರುವ ದಿನವನ್ನು ಒಂದು ದಿನ ಮುಂಚೆ ತಿಳಿಸು, ಮಾಂಸಕ್ಕೆ ಉಪ್ಪು ಹಚ್ಚಿಡಬೇಕು.

ನಿನ್ನ ಗೆಳೆಯ