ಪಿಟ್ ಸ್ವಚ್ಛತೆ: ಯಾರನ್ನೂ ಒಳಗೆ ಇಳಿಸಬೇಡಿ

ಎಲ್ಲ ನಿವಾಸಿಗಳ ಗಮನಕ್ಕೆ,

ನಮ್ಮ ಶೌಚದ ಪಿಟ್ (ಮಲಗುಂಡಿ) ತುಂಬಿದೆ, "ಯಾರನ್ನಾದರೂ ಕರೆಸಿ ಇಳಿಸಿ" ಎಂಬ ಸಂದೇಶಗಳು ಗುಂಪಿನಲ್ಲಿ ಬರುತ್ತಿವೆ. ದಯವಿಟ್ಟು ಆ ಮಾತು ಬೇಡ. ಸುರಕ್ಷತಾ ಸಾಧನವಿಲ್ಲದೆ ಮನುಷ್ಯರನ್ನು ಪಿಟ್‌ಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಕೆಲಸ ಮಾಡಿಸುವವರು ನಾವಾದರೆ ಹೊಣೆಯೂ ನಮ್ಮದೇ.

ಈ ಕಾನೂನು ತಾನಾಗಿ ಬಂದದ್ದಲ್ಲ. ನಮ್ಮ ಕೆಜಿಎಫ್‌ನಲ್ಲಿ ಮಲ ಹೊರುತ್ತಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮತ್ತು ಈ ಪದ್ಧತಿಯನ್ನು ಕೊನೆಗಾಣಿಸಲು ಹೋರಾಡುವ ಸಂಘಟನೆಯಾದ ಸಫಾಯಿ ಕರ್ಮಚಾರಿ ಆಂದೋಲನದವರು ವರ್ಷಗಟ್ಟಲೆ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದರು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲೇ ಒಂದು ಕಾಯ್ದೆ ಬಂದಿತ್ತು, ಆದರೆ ಕಾಗದದ ಮೇಲೆ ಮಾತ್ರ. 2003ರಲ್ಲಿ ಅವರು ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬಂದದ್ದು 2014ರಲ್ಲಿ: 1993ರಿಂದೀಚೆಗೆ ಒಳಚರಂಡಿಯಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ಪರಿಹಾರ. 2023ರಲ್ಲಿ ಕೋರ್ಟು ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೂ ಸಾವು ನಿಂತಿಲ್ಲ. ಒಳಗಿನ ವಿಷಾನಿಲ ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಉಳಿಸಲು ಇಳಿದವರೂ ಎಷ್ಟೋ ಸಲ ಮೇಲೆ ಬರುವುದಿಲ್ಲ. ಸಾಯುವವರು ಬಹುಪಾಲು ದಲಿತರೇ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಸಕ್ಕಿಂಗ್ ಯಂತ್ರದ ಲಾರಿಯನ್ನೇ ಕರೆಸೋಣ, ಖರ್ಚು ಹೆಚ್ಚಾದರೂ ಸರಿ. ಯಾರಾದರೂ ಇಳಿಯಲು ಮುಂದಾದರೆ ಅಲ್ಲೇ ತಡೆದು, ತಕ್ಷಣ ಸಮಿತಿಗೆ ಫೋನ್ ಮಾಡಿ.