ಪಾಂಪ್ಲೋನಾದಿಂದ ಅಪ್ಪಾಜಿಗೆ: ಕಾರ್ಬೊನೇರಾ ಎಂಬ ಮಾತು

ಪಾಂಪ್ಲೋನಾ, ಸ್ಪೇನ್
ಜನವರಿ 12

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವು, ಅಮ್ಮ, ಅಜ್ಜಿ ಎಲ್ಲರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ಚಳಿ ಬಲವಾಗಿದೆ, ಆದರೆ ಅಮ್ಮ ಕಳಿಸಿದ ಉಣ್ಣೆಯ ಶಾಲು ಇರುವುದರಿಂದ ಆ ಬಗ್ಗೆ ಚಿಂತೆ ಬೇಡವೆಂದು ಹೇಳಿ.

ಕಳೆದ ಭಾನುವಾರ ಫೋನಿನಲ್ಲಿ ಮಾತಿನ ನಡುವೆ ನಾನು ‘ಕಾರ್ಬೊನೇರಾ’ ಎಂದಾಗ, ಹಾಗೆಂದರೇನು, ಬಿಡಿಸಿ ಬರೆದು ಕಳಿಸು ಎಂದಿರಿ. ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಿಮಗೆ ಒಂದು ಪದದ ಅರ್ಥವನ್ನು ಅರ್ಧಂಬರ್ಧ ಹೇಳಿ ಸುಮ್ಮನಾಗುವುದು ನನ್ನಿಂದಾಗದು. ಅದಕ್ಕೇ ಈ ಕಾಗದ.

ಈ ಪದ ನನ್ನ ಕೈಗೆ ಬಂದದ್ದು ಒಂದು ಬೀಗದ ಕೈಯ ಜೊತೆಯಲ್ಲಿ. ಬಾಡಿಗೆಗೆ ಮನೆ ಹಿಡಿದ ದಿನ ಮನೆಯ ಒಡತಿ ಮೂರು ಬೀಗದ ಕೈಗಳನ್ನು ಕೊಟ್ಟರು. ಒಂದು ಬೀದಿ ಬಾಗಿಲಿನದು, ಇನ್ನೊಂದು ಮನೆಯದು, ತುಕ್ಕು ಹಿಡಿದ ಮೂರನೆಯದು ಕಾರ್ಬೊನೇರಾದ್ದು. ಕಟ್ಟಡದ ನೆಲಮಾಳಿಗೆಗೆ ಇಳಿದು ನೋಡಿದರೆ, ಅಲ್ಲಿ ಸಾಲಾಗಿ ಮರದ ಬಾಗಿಲಿನ ಸಣ್ಣ ಸಣ್ಣ ಕೋಣೆಗಳು, ಪ್ರತಿ ಮನೆಗೂ ಒಂದೊಂದು. ನನ್ನ ಪಾಲಿನದರಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಹಳೆಯ ಸೈಕಲ್ ಮತ್ತು ಖಾಲಿ ಬಾಟಲಿಗಳಿದ್ದವು. ಒಲೆಗೆ ಕಲ್ಲಿದ್ದಲು ತುಂಬಿಡುತ್ತಿದ್ದ ಜಾಗವಂತೆ ಅದು. ಕಲ್ಲಿದ್ದಲು ಬರುವುದು ನಿಂತು ಎಷ್ಟೋ ದಶಕಗಳಾದವು, ಆದರೂ ಗೋಡೆಯ ಮೂಲೆಯನ್ನು ಬೆರಳಿನಿಂದ ಸವರಿದಾಗ ಬೆರಳ ತುದಿ ಕಪ್ಪಾಯಿತು. ಸ್ಪೇನಿನ ಹಳೆಯ ಮನೆಗಳಲ್ಲಿ ಇಂಥ ಕೋಣೆಗೆ ಇಂದಿಗೂ ಅದೇ ಹೆಸರು.

ಆದರೆ ಆ ಪದಕ್ಕೆ ಇನ್ನೂ ಹಳೆಯ ಒಂದು ಅರ್ಥವಿದೆ, ಅದು ಕಾಡಿನದು. ಇದ್ದಿಲು ಸುಡಲೆಂದು ಕಟ್ಟಿಗೆಯನ್ನು ಗುಮ್ಮಟದ ಹಾಗೆ ಒಟ್ಟಿ, ಮೇಲೆ ಮಣ್ಣು ಮುಚ್ಚಿದ ರಾಶಿಯೇ ಕಾರ್ಬೊನೇರಾ. ಅದನ್ನು ಕಣ್ಣಾರೆ ನೋಡಲೇಬೇಕೆಂದು ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಲಾನಾ ಕಣಿವೆಯ ವಿಲೋರಿಯಾ ಎಂಬ ಹಳ್ಳಿಗೆ ಹೋಗಿದ್ದೆ. ಅದು ನಾವಿರುವ ನವಾರಾ ಪ್ರಾಂತ್ಯದಲ್ಲೇ ಇದೆ, ಮತ್ತು ಅಲ್ಲಿಯ ಕೆಲವು ಮನೆತನದವರು ಈ ಕಸುಬನ್ನು ಇನ್ನೂ ಕೈಬಿಟ್ಟಿಲ್ಲ. ಎನ್ಸೀನಾ ಎಂಬ, ವರ್ಷವಿಡೀ ಎಲೆ ಉದುರದ ಓಕ್ ಜಾತಿಯ ಮರದ ತುಂಡುಗಳನ್ನು ನಡುವೆ ಹೊಗೆಗೂಡಿಗೆ ಜಾಗ ಬಿಟ್ಟು ಸುತ್ತಲೂ ನೆಟ್ಟಗೆ ನಿಲ್ಲಿಸುತ್ತಾ ಹೋಗುತ್ತಾರೆ. ಸಂದುಗಳಿಗೆ ಸಣ್ಣ ಕಟ್ಟಿಗೆ ತುರುಕಿ, ಹುಲ್ಲನ್ನೋ ಎಲೆಯನ್ನೋ ಹೊದಿಸಿ, ಅದರ ಮೇಲೆ ಮಣ್ಣು ಬಡಿಯುತ್ತಾರೆ. ಬೆಂಕಿ ಇಡುವುದು ಮೇಲಿನಿಂದ, ನಡುವಿನ ಗೂಡಿನೊಳಕ್ಕೆ ಕೆಂಡ ಸುರಿದು. ಆಮೇಲಿನದೆಲ್ಲ ಕಾಯುವ ಕೆಲಸ, ಮತ್ತು ಅದೇ ಕಷ್ಟದ ಭಾಗ. ರಾಶಿಯ ಗಾತ್ರಕ್ಕೆ ತಕ್ಕಂತೆ ಒಂದು ವಾರವೋ ಎರಡು ವಾರವೋ ಹಗಲೂ ರಾತ್ರಿ ಯಾರಾದರೊಬ್ಬರು ಎಚ್ಚರವಿರಲೇಬೇಕು. ಗಾಳಿ ಹೆಚ್ಚಾದರೆ ಮರವೆಲ್ಲ ಉರಿದು ಬೂದಿಯಾಗುತ್ತದೆ, ಗಾಳಿ ಸಾಲದಿದ್ದರೆ ಬೆಂಕಿ ಆರಿಹೋಗಿ ಕಟ್ಟಿಗೆ ಅರೆಬೆಂದು ಉಳಿಯುತ್ತದೆ.

ಹೊಗೆಯನ್ನು ಅವರು ಓದುವ ಬಗೆಯನ್ನು ನೀವು ನೋಡಬೇಕಿತ್ತು, ಅಪ್ಪಾಜಿ. ಮೊದಮೊದಲು ಬರುವುದು ದಟ್ಟವಾದ ಬಿಳಿ ಹೊಗೆ, ಅಂದರೆ ಮರದಲ್ಲಿದ್ದ ನೀರು ಆವಿಯಾಗುತ್ತಿದೆ. ಅದು ತೆಳುವಾಗಿ ನೀಲಿಗೆ ತಿರುಗಿತೆಂದರೆ ಆ ಭಾಗ ಬೆಂದಿದೆಯೆಂದು ಅರ್ಥ. ಆಗ ಅಲ್ಲಿಯ ತೂತು ಮುಚ್ಚಿ, ಕೋಲಿನಿಂದ ಸ್ವಲ್ಪ ಕೆಳಗೆ ಹೊಸ ತೂತು ಚುಚ್ಚುತ್ತಾರೆ, ಹೀಗೆ ಬೆಂಕಿಯನ್ನು ಮೇಲಿನಿಂದ ಬುಡಕ್ಕೆ ಇಳಿಸಿಕೊಂಡು ಬರುತ್ತಾರೆ. ನಾವು ಹೋದಾಗ ವಯಸ್ಸಾದ ಒಬ್ಬರು ಏಣಿ ಇಟ್ಟುಕೊಂಡು, ಹೊಗೆಯಾಡುತ್ತಿದ್ದ ಆ ರಾಶಿಯ ಮೇಲೆ ಹತ್ತಿ, ಕುಸಿದ ಒಂದು ಕಡೆ ಸಲಿಕೆಯ ಬೆನ್ನಿನಿಂದ ಮಣ್ಣು ತಟ್ಟುತ್ತಿದ್ದರು. ಕಾಲಡಿಯಲ್ಲಿ ಬೆಂಕಿ ಇರುವಾಗ ಅವರು ಪ್ರತಿ ಹೆಜ್ಜೆಯನ್ನೂ ಒತ್ತಿ ನೋಡಿ ಇಡುತ್ತಿದ್ದರು. ಇಳಿದು ಬಂದ ಮೇಲೆ, ಹಿಂದಿನ ರಾಶಿಯಿಂದ ತೆಗೆದಿದ್ದ ಎರಡು ಇದ್ದಿಲ ತುಂಡುಗಳನ್ನು ನನ್ನ ಕಿವಿಯ ಹತ್ತಿರ ಒಂದಕ್ಕೊಂದು ತಾಗಿಸಿದರು. ಗಾಜಿನ ಬಳೆ ತಾಗಿದ ಹಾಗೆ ಟಣ್ ಎಂದಿತು. ಚೆನ್ನಾಗಿ ಬೆಂದದ್ದರ ಗುರುತು ಅದೇ ಎಂದರು.

ಇದನ್ನು ನೋಡಿ ಬಂದ ಮೇಲೆ ಇಲ್ಲಿಯ ಒಂದು ಗಾದೆಯಂಥ ಮಾತು ನನಗೆ ಒಪ್ಪಿಗೆಯಾಗದಂತಾಗಿದೆ. ಪ್ರಶ್ನೆ ಕೇಳದೆ, ಪುರಾವೆ ಬೇಡದೆ ನಂಬುವುದಕ್ಕೆ ಸ್ಪ್ಯಾನಿಷ್‌ನಲ್ಲಿ ‘ಇದ್ದಿಲು ಸುಡುವವನ ನಂಬಿಕೆ’ ಎನ್ನುತ್ತಾರೆ. ಅದರ ಹಿಂದೆ ಒಂದು ಹಳೆಯ ಕತೆಯಿದೆ. ನೀನು ಏನನ್ನು ನಂಬುತ್ತೀ ಎಂದು ಕೇಳಿದರೆ ಅವನು, ಚರ್ಚು ನಂಬುವುದನ್ನು ಎಂದನಂತೆ. ಚರ್ಚು ಏನನ್ನು ನಂಬುತ್ತದೆ ಎಂದರೆ, ನಾನು ನಂಬುವುದನ್ನು ಎಂದನಂತೆ. ಊರಿನಿಂದ ದೂರ, ಕಾಡಿನ ಗುಡಿಸಲಿನಲ್ಲಿ ಮಸಿ ಬಳಿದುಕೊಂಡು ಬದುಕುವವನನ್ನು ಪೇಟೆಯವರು ಏನೂ ಅರಿಯದವನೆಂದು ಎಣಿಸಿದ್ದರಿಂದ ಈ ಮಾತು ಹುಟ್ಟಿರಬೇಕು. ಆದರೆ ರಾತ್ರಿ ಎರಡು ಗಂಟೆಗೂ ಎದ್ದು ಹೊಗೆಯ ಬಣ್ಣ ಪರೀಕ್ಷಿಸುವವನಿಗಿಂತ ಪುರಾವೆ ಕೇಳುವವನು ಇನ್ಯಾರಿದ್ದಾರೆ? ಮಣ್ಣಿನ ಒಳಗೆ ನಡೆಯುವುದನ್ನು ಅವನು ಕಾಣಲಾರ, ಹೊರಗಿನ ಗುರುತುಗಳಿಂದಲೇ ತಿಳಿಯಬೇಕು. ಆ ಕಸುಬಿನವರಿಗೆ ಈ ಮಾತಿನಿಂದ ಅನ್ಯಾಯವಾಗಿದೆ ಎಂದೇ ನನ್ನ ಅಭಿಪ್ರಾಯ.

ಪದ ಕಾಡಿನಿಂದ ಹೊರಟು ಎಲ್ಲೆಲ್ಲಿಗೆ ಹೋಗಿದೆಯೆಂಬುದನ್ನೂ ಹೇಳಬೇಕು. ‘ಕಾರ್ಬೊನೇರಾ’ ಎಂದರೆ ಇದ್ದಿಲು ಸುಡುವ ಅಥವಾ ಮಾರುವ ಹೆಂಗಸು ಕೂಡ ಹೌದು, ಗಂಡಸಾದರೆ ‘ಕಾರ್ಬೊನೇರೊ’. ಸಮುದ್ರ ದಾಟಿದ ಮೇಲೆ ಕೊಲಂಬಿಯಾದಲ್ಲಿ ಅದು ಕಲ್ಲಿದ್ದಲ ಗಣಿಯಾಯಿತು, ಚಿಲಿಯಲ್ಲಿ ಉಗಿಬಂಡಿಯ ಹಿಂದೆ ಕಲ್ಲಿದ್ದಲು ತುಂಬುವ ಜಾಗವಾಯಿತು. ಇಲ್ಲಿಯ ಬೀಚ್ ಮತ್ತು ಓಕ್ ಕಾಡುಗಳಲ್ಲಿ ಮಳೆಯ ನಂತರ ಏಳುವ ಒಂದು ಅಣಬೆಗೂ ಅದೇ ಹೆಸರು. ಅಕ್ಟೋಬರಿನ ಸಂತೆಯಲ್ಲಿ ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಟೋಪಿಯ ಮೇಲೆ ನೇರಳೆ, ಬೂದು, ಹಸಿರು ಬಣ್ಣಗಳು ಒಂದರೊಳಗೊಂದು ಕರಗಿದ್ದವು, ಆರುತ್ತಿರುವ ಕೆಂಡದ ಮೇಲೆ ಬಣ್ಣಗಳು ಓಡಾಡುವಂತೆ. ಈ ಜಾತಿಯ ಉಳಿದ ಅಣಬೆಗಳ ಅಡಿಯ ಪದರಗಳು ಮುಟ್ಟಿದರೆ ಮುರಿಯುತ್ತವೆ, ಇದರವು ಮಾತ್ರ ಬೆರಳಿಗೆ ಜಿಡ್ಡಿನಂತೆ ಬಾಗುತ್ತವೆ. ಕೊಳ್ಳುವವರು ಅದನ್ನೇ ಒತ್ತಿ ನೋಡಿ ಗುರುತು ಹಿಡಿಯುತ್ತಾರೆ. ಇನ್ನು ನನ್ನ ಕಿಟಕಿಯ ಹೊರಗೆ ಬರುವ ಒಂದು ಪುಟ್ಟ ಹಕ್ಕಿಯ ಹೆಸರು ‘ಕಾರ್ಬೊನೇರೊ’. ಹಳದಿ ಹೊಟ್ಟೆಯ ನಡುವೆ ಕಪ್ಪು ಪಟ್ಟಿ, ತಲೆಯೂ ಕಪ್ಪು, ಇದ್ದಿಲ ಮೂಟೆ ಹೊತ್ತು ಬಂದವನಂತೆ.

ದಕ್ಷಿಣದಲ್ಲಿ, ಅಲ್ಮೇರಿಯಾದ ಕಡಲ ದಂಡೆಯಲ್ಲಿ ಕಾರ್ಬೊನೇರಾಸ್ ಎಂಬ ಊರೇ ಇದೆ. ಹೆಸರಿನಲ್ಲಿ ಮರದ ಇದ್ದಿಲನ್ನು ಇಟ್ಟುಕೊಂಡ ಆ ಊರಿನಲ್ಲಿ ಹಲವು ದಶಕ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವೊಂದು ನಡೆದು, ಈಗ ನಿಂತಿದೆ.

ಇಲ್ಲಿ ನಿಮಗೆ ಇಷ್ಟವಾಗುವ ಒಂದು ಸಂಗತಿಯಿದೆ. ಸ್ಪ್ಯಾನಿಷ್‌ನಲ್ಲಿ ‘ಕಾರ್ಬೋನ್’ ಎಂದರೆ ಇದ್ದಿಲೂ ಹೌದು, ಕಲ್ಲಿದ್ದಲೂ ಹೌದು. ಬೇರೆ ಮಾಡಿ ಹೇಳಬೇಕಾದರೆ ಎರಡನೆಯದನ್ನು ‘ಕಲ್ಲಿನ ಕಾರ್ಬೋನ್’ ಎನ್ನುವ ರೂಢಿಯಿತ್ತು. ಕಲ್ಲಿದ್ದಲು! ನಮ್ಮವರೂ ಅವರೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ದಾರಿ ಹಿಡಿದಿದ್ದಾರೆ, ಏಕೆಂದರೆ ಇಬ್ಬರಿಗೂ ಮೊದಲು ಗೊತ್ತಿದ್ದದ್ದು ಮರದ ಇದ್ದಿಲೇ. ವಿಜ್ಞಾನದ ಮೂಲವಸ್ತುವಿಗೆ ಅವರು ಅದೇ ಬೇರಿನಿಂದ ‘ಕಾರ್ಬೋನೊ’ ಎಂಬ ಬೇರೆ ರೂಪವನ್ನು ಇಟ್ಟುಕೊಂಡಿದ್ದಾರೆ. ನಮ್ಮ ‘ಇಂಗಾಲ’ವೂ ಅಂಗಾರದಿಂದ, ಅಂದರೆ ಕೆಂಡದಿಂದಲೇ ಬಂದದ್ದೆಂದು ನೀವು ತದ್ಭವದ ಪಾಠದಲ್ಲಿ ಹೇಳಿದ್ದು ನನಗೆ ಇನ್ನೂ ನೆನಪಿದೆ.

ಇದ್ದಿಲ ಪುಡಿಗೆ ಇಲ್ಲಿ ‘ಸಿಸ್ಕೊ’ ಎನ್ನುತ್ತಾರೆ. ಮೇಜಿನ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ದಪ್ಪ ಬಟ್ಟೆ ಇಳಿಬಿಟ್ಟು, ಮನೆಮಂದಿಯೆಲ್ಲ ಕಾಲು ಕಾಯಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅದು ದಿನಬಳಕೆಯ ವಸ್ತುವಾಗಿತ್ತು. ಈಗ ಅಗ್ಗಿಷ್ಟಿಕೆ ಹೋಗಿದೆ, ಮಾತು ಉಳಿದಿದೆ. ದಣಿದು ನುಚ್ಚುನೂರಾದವರು ನಾನು ‘ಸಿಸ್ಕೊ’ ಆದೆ ಎನ್ನುತ್ತಾರೆ, ನನ್ನ ಕಚೇರಿಯಲ್ಲಿ ಶುಕ್ರವಾರ ಸಂಜೆ ಈ ಮಾತು ಕೇಳದ ವಾರವಿಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿ ಮಕ್ಕಳಿಗೆ ಉಡುಗೊರೆ ತರಲು ಬೆಟ್ಟದಿಂದ ಇಳಿಯುವ ಓಲೆಂಟ್ಸೇರೊ ಕೂಡ ಇಲ್ಲಿಯ ಬಾಸ್ಕ್ ಜನರ ನಂಬಿಕೆಯಂತೆ ಇದ್ದಿಲು ಸುಡುವವನೇ. ಜನವರಿ 6ರ ರಾಜರ ಹಬ್ಬದಂದು ತಂಟೆ ಮಾಡಿದ ಮಕ್ಕಳಿಗೆ ಇದ್ದಿಲು ಸಿಗುತ್ತದೆಂದು ಹೆದರಿಸುತ್ತಾರೆ, ಈಗ ಅಂಗಡಿಗಳಲ್ಲಿ ಕರಿಬಣ್ಣದ ಸಕ್ಕರೆಯಲ್ಲಿ ಮಾಡಿದ ಇದ್ದಿಲು ಸಿಗುತ್ತದೆ. ಪಕ್ಕದ ಮನೆಯ ಹುಡುಗಿ ತನಗೆ ಬಂದದ್ದರಲ್ಲಿ ಒಂದು ಚೂರನ್ನು ನನಗೂ ಕೊಟ್ಟಳು.

ವಿಲೋರಿಯಾದಲ್ಲಿ ಆ ಹೊಗೆಯ ವಾಸನೆ ಹಿಡಿದಾಗ ನನಗೆ ಅಜ್ಜನ ನೆನಪಾಯಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಕರಗಿಸಿದ್ದು ಮಲೆನಾಡಿನ ಮರದ ಇದ್ದಿಲಿನಿಂದಲೇ ಎಂದೂ, ಅದಕ್ಕಾಗಿ ಕಟ್ಟಿಗೆಯನ್ನು ಬಟ್ಟಿ ಇಳಿಸುವ ಘಟಕವೊಂದಿತ್ತೆಂದೂ ಅವರು ಹೇಳುತ್ತಿದ್ದರು. ಕಾರ್ಖಾನೆಯ ಕತೆ ನಮ್ಮೂರಿನ ಎಲ್ಲರಿಗೂ ಗೊತ್ತು. ಆದರೆ ಕಾಡಿನಲ್ಲಿ ಇದ್ದಿಲು ಸುಡುತ್ತಿದ್ದವರು ಆ ರಾಶಿಯನ್ನು ಏನೆಂದು ಕರೆಯುತ್ತಿದ್ದರು? ಕುಂಬಾರನದು ಆವಿಗೆ, ಇಟ್ಟಿಗೆಯದು ಗೂಡು, ಇದ್ದಿಲಿನದು ಏನು? ಅಜ್ಜಿಗೆ ಆ ಮಾತು ನೆನಪಿರಬಹುದು. ಸಂಜೆ ಅವರು ಜಗಲಿಯಲ್ಲಿ ಕೂತಿರುವಾಗ ಕೇಳಿ, ಅವರು ಉಚ್ಚರಿಸಿದ ಹಾಗೆಯೇ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟು, ನನಗೂ ಒಂದು ಪ್ರತಿ ಕಳಿಸಿ.

ಅಮ್ಮನಿಗೂ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮ ಮಗಳು