ಮೂರನೆಯ ಮುದ್ದೆ

ಕೋಲಾರ, ಸೋಮವಾರ

ಪುಟ್ಟಿ,

ಮೊನ್ನೆ ಬಂದವಳು ಫ್ರಿಜ್ ತೆಗೆದು ಅಮ್ಮನ ಮೇಲೆ ರೇಗಿಬಿಟ್ಟೆ. ಹುಳಿ ಬಂದ ಇಡ್ಲಿ ಹಿಟ್ಟು, ಬೂಷ್ಟು ಹಿಡಿದ ಚಟ್ನಿ, ಕವರಿನಲ್ಲೇ ನೀರಾಗಿದ್ದ ಕೊತ್ತಂಬರಿ, ಯಾವತ್ತಿನದೋ ಬಸ್ಸಾರು. "ಇಬ್ಬರೇ ಇದ್ದೀರ, ಇಷ್ಟೊಂದು ಯಾಕೆ ಹಾಳು ಮಾಡ್ತೀರ?" ಅಂದೆ. ಅವಳು ಮಾತಾಡಲಿಲ್ಲ. ನಾನೂ ಪೇಪರ್ ಅಡ್ಡ ಹಿಡಿದುಕೊಂಡು ಸುಮ್ನೆ ಕೂತಿದ್ದೆ.

ಆ ಕೊತ್ತಂಬರಿ ತಂದವನು ನಾನು. ಮಾರ್ಕೆಟ್ಟು ಮುಗಿಯುವ ಹೊತ್ತಿಗೆ ಇಪ್ಪತ್ತಕ್ಕೆ ಮೂರು ಕಟ್ಟು ಅಂತ ಕೂಗಿದರೆ ನನ್ನ ಕೈ ನಿಲ್ಲುವುದಿಲ್ಲ. ಮನೆಗೆ ಬೇಕಾಗಿದ್ದು ಅರ್ಧ ಕಟ್ಟು. ಅಗ್ಗದ ಮಾಲು ಕೊಳೆತರೆ ಹೊಟ್ಟೆ ಉರಿಯುವುದಿಲ್ಲ ನೋಡು. 2023ರ ಜುಲೈ ನೆನಪಿದೆಯಾ? ಇಲ್ಲಿನ ಮಂಡಿಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತ್ತು. ಆ ತಿಂಗಳು ನಮ್ಮ ಮನೆಯಲ್ಲಿ ಒಂದು ಟೊಮೆಟೊ ಕೂಡ ಕೆಡಲಿಲ್ಲ. ಮೆತ್ತಗಾಗಿದ್ದನ್ನೂ ಅಮ್ಮ ಸಾರಿಗೆ ಕಿವುಚಿದಳು.

ಅಮ್ಮನ ವಿಷಯ ಬೇರೆ. ಅವಳು ಈ ಮನೆಗೆ ಬಂದಾಗ ಉಣ್ಣುವವರು ಏಳು ಜನ. ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಬಂದರೆ "ಊಟ ಆಗೋಯ್ತು" ಅನ್ನುವ ಹಾಗಿರಲಿಲ್ಲ. ಹಾಗಾಗಿ ಯಾವಾಗಲೂ ಒಂದು ಮುದ್ದೆ ಜಾಸ್ತಿ. ಉಳಿದರೆ ಬೆಳಿಗ್ಗೆ ನಿನ್ನಜ್ಜಿ ಅದನ್ನೇ ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಡಿದುಕೊಂಡು ಕುಡಿಯುತ್ತಿದ್ದರು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಬಿಟ್ಟ ಅನ್ನ ಎಲ್ಲ ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಅಜ್ಜಿ ಹೋದರು. ಹಸು ಮಾರಿದೆವು. ನೀನು ಬೆಂಗಳೂರು ಸೇರಿದೆ. ಅಮ್ಮನ ಕೈಯಳತೆ ಮಾತ್ರ ಹಾಗೇ ಇದೆ.

ಹಸುವಿನ ಜಾಗಕ್ಕೆ ಫ್ರಿಜ್ ಬಂತು. ಹಸು ತಿನ್ನುತ್ತಿತ್ತು. ಇದು ತಿನ್ನುವುದಿಲ್ಲ, ಒಂದು ವಾರ ಇಟ್ಟುಕೊಂಡು ವಾಪಸ್ ಕೊಡುತ್ತದೆ. ಚೆನ್ನಾಗಿರುವ ಸಾರನ್ನು ಚೆಲ್ಲಲು ಮನಸ್ಸು ಬರುವುದಿಲ್ಲ, ಅದಕ್ಕೇ ಒಳಗಿಡುತ್ತೇವೆ. ಕೆಟ್ಟ ಮೇಲೆ ಚೆಲ್ಲಿದರೆ ಪಾಪ ಅನ್ನಿಸುವುದಿಲ್ಲ, ಅಲ್ವಾ?

ವಿಶ್ವಸಂಸ್ಥೆಯ 2024ರ ವರದಿಯಲ್ಲಿ ಒಂದು ಅಂದಾಜು ಇದೆ. ನಮ್ಮ ದೇಶದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಆಹಾರ ಕಸಕ್ಕೆ ಹೋಗುತ್ತದಂತೆ. ಸಿಪ್ಪೆ, ಮೂಳೆ ಎಲ್ಲ ಸೇರಿಸಿ ಆ ಲೆಕ್ಕ. ನನಗೆ ಬಾಕ್ಸಿನಲ್ಲಿ ಹೇಳಿದರೇ ಅರ್ಥವಾಗುವುದು. ಹತ್ತಿರ ಹತ್ತಿರ ನಾಲ್ಕು ಟೊಮೆಟೊ ಬಾಕ್ಸು, ಒಬ್ಬನಿಗೆ!

ಇದರಲ್ಲಿ ನಿನ್ನದೂ ಒಂದು ಪಾಲಿದೆ, ಬೇಜಾರು ಮಾಡಿಕೊಳ್ಳಬೇಡ. ಪ್ರತಿ ಶುಕ್ರವಾರ ಫೋನಿನಲ್ಲಿ "ನೋಡ್ತೀನಮ್ಮ, ಬಂದ್ರೂ ಬರಬಹುದು" ಅನ್ನುತ್ತೀಯ. ಆ ಒಂದು ಮಾತಿಗೆ ಶನಿವಾರ ರಾತ್ರಿ ಎಸರಿಗೆ ಇನ್ನೊಂದು ಹಿಡಿ ಹಿಟ್ಟು ಬೀಳುತ್ತದೆ. ಒಂಬತ್ತೂವರೆ ಬಸ್ಸು ಬರುವವರೆಗೂ ಮೂರನೆಯ ಮುದ್ದೆ ಮುಚ್ಚಿಟ್ಟೇ ಇರುತ್ತದೆ. ಆಮೇಲೆ ಫ್ರಿಜ್ಜಿಗೆ.

ಇನ್ನು ಮೇಲೆ ಬರುವುದೋ ಬಿಡುವುದೋ, ಶನಿವಾರ ಮಧ್ಯಾಹ್ನದೊಳಗೆ ಹೇಳಿಬಿಡು. ಅಮ್ಮನಿಗೆ ಬೇಡ, ನನಗೆ ಫೋನ್ ಮಾಡು. ಅವಳಿಗೆ ಬರಲ್ಲ ಅಂದರೂ ಮಾಡಿಡುತ್ತಾಳೆ.

ಇಂತಿ,
ಅಪ್ಪ